ಉಳಿದದ್ದು ದಾರಿಗೆ

ಇಂದುಮತಿ ಚಿಕ್ಕಮ್ಮ ತನ್ನ ಹಳೆಯ ಹಸಿರು ಜೀಪನ್ನು ನಮ್ಮ ಮನೆಯ ಮುಂದೆ ನಿಲ್ಲಿಸಿ, ಕೂತಲ್ಲಿಂದಲೇ ಎರಡು ಸಲ ಸೀಟಿ ಊದಿದಳು. ಮೂವತ್ತು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದವಳು; ನಿವೃತ್ತಿಯಾಗಿ ಐದು ವರ್ಷವಾದರೂ ಸೀಟಿ ಕೊರಳಿನಿಂದ ಇಳಿದಿರಲಿಲ್ಲ. ನಾನು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದೆ. ಇಳಿಯಲು ಅವಳ ಮಂಡಿಗಳು ಒಪ್ಪುತ್ತಿಲ್ಲ ಎಂಬುದು ಅವಳು ಸ್ಟಿಯರಿಂಗ್ ಹಿಡಿದಿದ್ದ ರೀತಿಯಲ್ಲೇ ಗೊತ್ತಾಗುತ್ತಿತ್ತು. ಇಂಥವನ್ನು ನಾನು ಬೇಗ ಗಮನಿಸುತ್ತೇನೆ. ಗಮನಿಸದೆ ಇರಲು ನನಗೆ ಬರುವುದಿಲ್ಲ.

"ವಾರಿಜಾ, ಇನ್ನು ಹದಿನೆಂಟು ದಿನಕ್ಕೆ ಆಪರೇಷನ್," ಎಂದಳು. "ಎರಡೂ ಮಂಡಿ ತೆಗೆದು ಸ್ಟೀಲಿಂದು ಹಾಕ್ತಾರಂತೆ. ಅಷ್ಟರೊಳಗೆ ಸಮುದ್ರದ ದಂಡೆಗೆ ಹೋಗ್ಬೇಕು. ಟೆಂಟ್ ಹಾಕ್ಕೊಂಡು, ಆ ಬಂಡೆ ದಾರೀಲಿ ನಡ್ಕೊಂಡು. ನೀನೂ ಬರ್ತೀಯ."

"ಆಪರೇಷನ್ ಆದ್ಮೇಲೆ ಹೋಗ್ಬಹುದಲ್ಲ ಚಿಕ್ಕಮ್ಮ? ಆಗ ನೋವೂ ಇರಲ್ಲ."

"ಆಮೇಲೆ ನಡೆಯೋದು ಸ್ಟೀಲು. ಸ್ಟೀಲಿಗೆ ಸಮುದ್ರ ತೋರ್ಸಿ ನನಗೇನಾಗ್ಬೇಕು? ಇವೆರಡು ಅರವತ್ಮೂರು ವರ್ಷ ನನ್ನ ಹೊತ್ತಿವೆ. ಒಂದು ದಿನ ರಜ ಕೇಳಿಲ್ಲ. ಇವಕ್ಕೆ ತೋರಿಸ್ಬೇಕು." ಹಸುವಿನ ಬೆನ್ನು ತಟ್ಟುವ ಹಾಗೆ ಎರಡೂ ಮಂಡಿಗಳನ್ನು ತಟ್ಟಿದಳು.

ನನ್ನ ಗಂಡ ಪುರಂದರ ಪೇಪರು ಮಡಚುತ್ತ ಬಾಗಿಲಿಗೆ ಬಂದರು. "ಚಿಕ್ಕಮ್ಮ, ಯೋಜನೆ ಬರೆಯೋ ಕೆಲಸ ಇವಳಿಗೆ ಕೊಡ್ತಿದ್ದೀರಾ? ನಮ್ಮ ಕಥೆ ಮರೆತ್ರಾ?"

"ಮರೆತಿಲ್ಲಪ್ಪ. ಬೇರೆಯವರು ಬರೆದ್ರೆ ದಾರೀಲಿ ನಾನು ಸಾಯ್ತೀನಿ. ಇವಳು ಬರೆದ್ರೆ ಬರೀ ಪ್ರವಾಸ ಸಾಯುತ್ತೆ. ಎರಡರಲ್ಲಿ ಇದೇ ವಾಸಿ."

ನಮ್ಮೂರಿನಲ್ಲಿ ಪ್ರವಾಸದ ಯೋಜನೆ ಹಾಕುವವರು ಒಂದು ಕಿಂಡಿ ಬಿಡುತ್ತಾರೆ. ಹೋಗುವ ದಾರಿ, ತಂಗುವ ಜಾಗ, ಊಟ, ಮರಳುವ ಹೊತ್ತು ಎಲ್ಲವನ್ನೂ ಗೊತ್ತುಮಾಡಿ, ಎಲ್ಲೋ ಒಂದು ಕಡೆ ಮಾತ್ರ ಏನನ್ನೂ ತೀರ್ಮಾನಿಸದೆ, "ಉಳಿದದ್ದು ದಾರಿಗೆ" ಎಂದು ಹೇಳಿ ಎದ್ದುಬಿಡುತ್ತಾರೆ. ಬಿಡದಿದ್ದರೆ ಯೋಜನೆಯ ಕೊನೆಯ ಸಾಲು ಮುಗಿದ ಗಳಿಗೆಯಲ್ಲೇ ಪ್ರವಾಸವೂ ಮುಗಿದುಹೋಗುತ್ತದೆ. ಅಂಗಾಲಿನಲ್ಲಿ ಮರಳು, ಕತ್ತಿನ ಮೇಲೆ ಬಿಸಿಲಿನ ಕಪ್ಪು, ಮೈಯಲ್ಲಿ ದಣಿವು, ಯಾರದೋ ಬಾಯಿಂದ ಕೇಳಿದಂಥ ತೆಳ್ಳನೆಯ ಒಂದು ನೆನಪು, ಇಷ್ಟೇ ಉಳಿಯುತ್ತದೆ. ಯೋಜನೆಯಲ್ಲಿ ಯಾರ ಯಾರ ಹೆಸರಿತ್ತೋ ಅವರಿಗೆಲ್ಲ ಆ ದಾರಿ ಮತ್ತೆ ಸಿಗುವುದಿಲ್ಲ. ಹೊರಟರೆ ಪೇಟೆಯ ಗಡಿಯಾರದ ಕಂಬ ಬಿಟ್ಟು ಗಡಿಯಾರದ ಕಂಬಕ್ಕೇ ಬಂದು ನಿಲ್ಲುತ್ತಾರೆ. ಹೆಣ್ಣು ನೋಡಲು ಬಂದವರು ಹಾಡು ಬರುತ್ತದಾ ಎಂದು ಕೇಳುವ ಮೊದಲು "ಹುಡುಗಿ ಕಿಂಡಿ ಬಿಡ್ತಾಳಾ?" ಎಂದು ಕೇಳುತ್ತಾರೆ. ನನ್ನನ್ನು ನೋಡಲು ಬಂದವರಿಗೆ ನಮ್ಮ ಮನೆಯವರು ಸುಳ್ಳು ಹೇಳಿದ್ದರು.

ಮದುವೆಯಾದ ವಾರಕ್ಕೆ ನಾನೂ ಪುರಂದರರೂ ಜಲಪಾತಕ್ಕೆ ಹೋಗುವುದೆಂದಾಗಿತ್ತು. ನಾನು ಹನ್ನೊಂದು ಪುಟ ಬರೆದೆ. ಯಾವ ಕಲ್ಲು ಪಾಚಿ ಹಿಡಿದಿರಬಹುದು, ಎಲ್ಲಿ ಚಪ್ಪಲಿ ಬಿಡುವುದು, ಒದ್ದೆ ಬಟ್ಟೆ ಎಲ್ಲಿ ಹಿಂಡುವುದು, ಎಲ್ಲವೂ ಇತ್ತು. ಕೊನೆಗೆ "ಸಂಜೆ ಆರೂವರೆಗೆ ಮನೆ" ಎಂದು ಬರೆದು ತಲೆ ಎತ್ತಿದರೆ, ಎದುರಿಗೆ ಪುರಂದರ ಮದುವೆಯ ಹೊಸ ಶರ್ಟಿನಲ್ಲಿ, ತಲೆಯಿಂದ ನೀರು ತೊಟ್ಟಿಕ್ಕುತ್ತ ನಿಂತಿದ್ದರು. ಆದರೂ ಹಟ ಹಿಡಿದು ಬಸ್ಸು ಹತ್ತಿದೆವು. ಮೂರು ಸಲ ಗಡಿಯಾರದ ಕಂಬಕ್ಕೇ ಬಂದ ಮೇಲೆ ಕಂಡಕ್ಟರ್, "ಅಮ್ಮಾ, ನೀವು ಹೋಗಿ ಬಂದಾಯ್ತು. ಇಳ್ಕೊಳ್ಳಿ, ಹೋಗದೆ ಇರೋರು ಕಾಯ್ತಿದ್ದಾರೆ" ಎಂದ. ಪುರಂದರ ಇವತ್ತಿಗೂ ಇದನ್ನು ತಮಾಷೆಯಾಗಿಯೇ ಹೇಳುತ್ತಾರೆ. ಹೇಳಿ ನಕ್ಕು, ಆಮೇಲೆ ಒಂದು ಗಳಿಗೆ ಸುಮ್ಮನಿರುತ್ತಾರೆ. ಆ ಸುಮ್ಮನಿರುವುದನ್ನೂ ನಾನು ಗಮನಿಸಿದ್ದೇನೆ.

ಆದ್ದರಿಂದ ಈ ಸಲ ಹೆದರಿ ಹೆದರಿ ಬರೆದೆ. ಸಮುದ್ರ ನಮ್ಮ ಗುಡ್ಡದ ಸಾಲಿನ ಆಚೆ ಎರಡು ದಿನದ ದಾರಿ. ಮೊದಲ ದಿನ ಇಳಿಜಾರಿನಲ್ಲಿ ಜೀಪು ನಿಧಾನಕ್ಕೆ ಬಿಟ್ಟುಕೊಂಡು ಉಪ್ಪಿನ ಗದ್ದೆಗಳವರೆಗೆ. ಅಲ್ಲಿನ ಗಾಳಿಮರದ ತೋಪಿನಲ್ಲಿ ಟೆಂಟು. ಎರಡನೆಯ ದಿನ ದಂಡೆಯ ಗುಂಟ ಲೈಟ್‌ಹೌಸಿನವರೆಗೆ. ಅದರ ನೆರಳಿನಲ್ಲಿ ಟೆಂಟು. ಮೂರನೆಯ ದಿನ ಜೀಪು ಅಲ್ಲೇ ಬಿಟ್ಟು ಬಂಡೆ ದಾರಿ ಹಿಡಿದು ನಡಿಗೆ, ಕಡಲಿಗೆ ಚಾಚಿದ ಗುಡ್ಡದ ಆಚೆ ಬದಿಯ ಪುಟ್ಟ ಕೊಲ್ಲಿಯವರೆಗೆ. ನಾಲ್ಕನೆಯ ದಿನ ವಾಪಸು ಹೊರಡುವುದು. ನೀರಿನ ಕ್ಯಾನು, ಒಂದು ಕಟ್ಟು ಸೌದೆ, ಅವಲಕ್ಕಿ, ಮಂಡಿಗೆ ಕಟ್ಟುವ ಪಟ್ಟಿ, ಹಚ್ಚುವ ಎಣ್ಣೆ, ಎರಡು ಊರುಗೋಲು. ಮೂರನೆಯ ದಿನದ ಹಾಳೆಯಲ್ಲಿ ಮಾತ್ರ ಹೊತ್ತು ಬರೆಯಲು ಆಗಿರಲಿಲ್ಲ. ಬಂಡೆ ದಾರಿಯ ನಡುವೆ ಒಂದು ಫರ್ಲಾಂಗಿನಷ್ಟು ಜಾಗ ಗುಡ್ಡದ ಬುಡದಲ್ಲಿ ಹಾದುಹೋಗುತ್ತದೆ. ಉಬ್ಬರದಲ್ಲಿ ಅದು ಪೂರ್ತಿ ಮುಳುಗುತ್ತದೆ. ಇಳಿತ ಯಾವ ಹೊತ್ತಿಗೆ ಎಂದು ಕೇಳಿ ಲೈಟ್‌ಹೌಸಿನ ಕಾವಲುಗಾರರಿಗೆ ಕಾಗದ ಹಾಕಿದ್ದೆ. ಉತ್ತರ ಬರುವವರೆಗೆ ಆ ಹಾಳೆ ತುಂಬ ಚುಕ್ಕೆಗಳನ್ನಿಟ್ಟಿದ್ದೆ.

ನಾಲ್ಕನೆಯ ದಿನದ ಬಗ್ಗೆ ಬರೆಯುತ್ತಿದ್ದಾಗ ಅಡುಗೆಮನೆಯಲ್ಲಿ ಉಪ್ಪುಗಾಳಿಯ ವಾಸನೆ ಬಂತು. ಒಲೆಯ ಮೇಲೆ ಏನೂ ಇರಲಿಲ್ಲ. ನಾನು ಹಾಳೆಗಳನ್ನು ಎತ್ತಿಕೊಂಡು, ಯೋಜನೆಗಳನ್ನು ಪರೀಕ್ಷಿಸಿ ಮೊಹರು ಒತ್ತುವ ದಾರಿ ಕಚೇರಿಗೆ ಓಡಿದೆ.

ದಾರಿ ಕಚೇರಿಯ ಗುಮಾಸ್ತ ಸಾಂಬಯ್ಯನವರು ಮೂಗಿನ ತುದಿಯಲ್ಲಿ ಕನ್ನಡಕವಿಟ್ಟಿದ್ದರೂ ನನ್ನ ಹಾಳೆಗಳನ್ನು ಓದಲೇ ಇಲ್ಲ. ಮೇಜಿನ ಕೆಳಗಿನಿಂದ ಮೊರ ತೆಗೆದು, ಅದರ ಮೇಲೆ ಒಂದೊಂದೇ ಹಾಳೆ ಹಿಡಿದು ಕೊಡವಿದರು. ನುಣ್ಣನೆಯ ಒಣ ಮರಳು ಸುರಿಯಿತು, ಎರಡು ಬೊಗಸೆಯಷ್ಟು. ಕೊನೆಗೆ ಏಡಿಯ ಒಂದು ಕಾಲು ಬಿತ್ತು.

"ಇನ್ನು ನಾಲ್ಕು ಸಾಲು ಬರೆದಿದ್ರೆ ಏಡಿ ಪೂರ್ತಿ ಬರ್ತಿತ್ತು," ಎಂದರು. "ಕಿಂಡಿ ಎಲ್ಲಿಟ್ಟಿದ್ದೀರಿ ತಾಯಿ?"

ನಾನು ಚುಕ್ಕೆಗಳ ಹಾಳೆ ತೋರಿಸಿದೆ. "ಇದು ತುಂಬುತ್ತೆ. ಕಾಗದಕ್ಕೆ ಕಾಯ್ತಿದ್ದೀನಿ."

"ತುಂಬೋ ಆಸೆ ಇರೋ ಜಾಗಕ್ಕೆ ಕಿಂಡಿ ಅನ್ನಲ್ಲ. ಬೇರೆ ಕಿಂಡಿ ಬಿಡಿ. ನೋಡಿ, ಕಿಂಡಿ ಮುಚ್ಚಿದ್ರೆ ಮುಂದಿನ ಖಾಲಿ ಜಾಗದ ತನಕ ದಾರಿ ಮಡಚಿಕೊಂಡುಬಿಡುತ್ತೆ. ಆಮೇಲೆ ನನ್ನ ಬೈದ್ರೆ ಬಿಚ್ಚೋಕಾಗಲ್ಲ."

ತುಂಬ ಹೊತ್ತು ಯೋಚಿಸಿದೆ. ಏನು ಬಿಟ್ಟರೆ ಯಾರಿಗೂ ಪೆಟ್ಟಾಗುವುದಿಲ್ಲ? ಎರಡನೆಯ ದಿನದ ಬೆಳಗಿನ ತಿಂಡಿಯನ್ನು ಹೊಡೆದುಹಾಕಿದೆ. ಸಾಂಬಯ್ಯನವರು ಹಾಳೆ ಕೊಡವಿದರು. ಏನೂ ಬೀಳಲಿಲ್ಲ. ಮೊಹರು ಒತ್ತಿ, "ಹೇಳಿ" ಎಂದರು. "ಉಳಿದದ್ದು ದಾರಿಗೆ," ಎಂದೆ. ಬಾಯಿಪಾಠದ ಶ್ಲೋಕ ಒಪ್ಪಿಸಿದ ಹಾಗಿತ್ತು. ಅವರು ಕನ್ನಡಕದ ಮೇಲಿನಿಂದ ಒಮ್ಮೆ ನೋಡಿ ಹಾಳೆಗಳನ್ನು ಕೊಟ್ಟರು.

ಮರುದಿನ ಪಾತ್ರೆ ತೊಳೆಯುತ್ತಿದ್ದೆ. ಕೈ ಪಾತ್ರೆಯಲ್ಲಿ, ಮನಸ್ಸು ಎಲ್ಲೋ. ಹಸಿದ ಹೊಟ್ಟೆಯಲ್ಲಿ ಚಿಕ್ಕಮ್ಮ ಗುಳಿಗೆ ನುಂಗುವ ಹಾಗಿಲ್ಲವಲ್ಲ ಎಂದು ನೆನಪಾಯಿತು. ಎರಡನೆಯ ಬೆಳಗ್ಗೆ ಅವಲಕ್ಕಿಯನ್ನೇ ನೆನೆಸಿದರಾಯಿತು, ಒಗ್ಗರಣೆಗೆ ಎಣ್ಣೆ ಹೇಗೂ ಇದೆ, ಉಪ್ಪು ಬೇರೆ ಪೊಟ್ಟಣ ಬೇಡ, ಚಟ್ನಿಪುಡಿಯಲ್ಲೇ ಇರುತ್ತದೆ. ಇಷ್ಟೇ. ಹಾಳೆಯನ್ನು ಮುಟ್ಟಲಿಲ್ಲ, ಪೆನ್ನು ತೆಗೆಯಲಿಲ್ಲ. ಪಾತ್ರೆ ಬೋರಲು ಹಾಕುವ ಹೊತ್ತಿಗೆ ಕಿಂಡಿ ಮುಚ್ಚಿಹೋಗಿತ್ತು; ನನ್ನ ಅಂಗಾಲಿಗೂ ಮರಳು ಒತ್ತುತ್ತಿತ್ತು.

ಮಧ್ಯಾಹ್ನ ಜೀಪು ಬಂತು. ಸೀಟಿ ಕೇಳಲಿಲ್ಲ. ಚಿಕ್ಕಮ್ಮ ಹೇಗೋ ಇಳಿದು ಬಂದು ಜಗಲಿಯ ಮೆಟ್ಟಿಲ ಮೇಲೆ ಕೂತಿದ್ದಳು. ಕೈಗಳು ಮೊಣಕೈವರೆಗೆ ಬಿಸಿಲಿಗೆ ಕಪ್ಪಾಗಿದ್ದವು. ಕಾಲಿನ ಬೆರಳ ಸಂದಿಯಲ್ಲಿ ಬಿಳಿ ಮರಳು.

"ವಾರಿ," ಎಂದಳು, "ನಾವು ಲೈಟ್‌ಹೌಸ್ ದಾರೀಲಿ ಅವಲಕ್ಕಿ ತಿಂದ್ವಾ?"

ನಾನು ಅವಳ ಪಕ್ಕ ಮೆಟ್ಟಿಲ ಮೇಲೆ ಕೂತೆ.

"ಉಪ್ಪು ಕಮ್ಮಿ ಆಗಿತ್ತು ಅಂತ ಕಾಣುತ್ತೆ. ಗಾಳಿಮರದ ತೋಪು ಚೆನ್ನಾಗಿತ್ತು ಅಂತ ಗೊತ್ತು. ಆದ್ರೆ ಹೇಗೆ ಚೆನ್ನಾಗಿತ್ತು ಅಂತ ಕೇಳಿದ್ರೆ ಹೇಳೋಕಾಗ್ತಿಲ್ಲ ಕಣೇ." ಕಾಲಿನ ಮರಳನ್ನು ಬೆರಳಿನಿಂದ ತೆಗೆಯುತ್ತಿದ್ದಳು. ಅದು ಒಣಗಿದ್ದರಿಂದ ಸುಲಭವಾಗಿ ಉದುರುತ್ತಿತ್ತು. "ಮಂಡಿ ಮಾತ್ರ ನೋಯ್ತಿದೆ. ಎರಡು ದಿನ ಜೀಪಿನಲ್ಲಿ ಕೂತ ಹಾಗೆ."

ನಾನು ಪಾತ್ರೆ ತೊಳೆದದ್ದನ್ನು ಹೇಳಿದೆ. ಗುಳಿಗೆಯ ವಿಷಯ ಹೇಳಿದೆ. ಚಿಕ್ಕಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚಿಕ್ಕಂದಿನಲ್ಲಿ ನಾನು ಮರ ಹತ್ತಿ, ಇಳಿಯಲು ಹೆದರಿ ಕೂತಾಗ ಕೆಳಗೆ ನಿಂತು ಸೀಟಿ ಊದುತ್ತಿದ್ದವಳು ಇವಳು. ಈಗ ತನ್ನ ಕಾಲನ್ನೇ ನೋಡುತ್ತಿದ್ದಳು.

"ಎರಡು ದಿನ ಹೋಯ್ತು," ಎಂದಳು ಕೊನೆಗೆ. "ಮೂರನೇದು ಇದೆಯಾ?"

"ಇದೆ. ಕಾಗದ ಇನ್ನೂ ಬಂದಿಲ್ಲ."

"ಬರದೆ ಇರ್ಲಿ. ಬೆಳಗ್ಗೆನೇ ಹೊರಡೋಣ."

ಕಾಗದ ಬೆಳಗ್ಗೆಯೇ ಬಂತು. ಜೀಪಿಗೆ ಟೆಂಟು ಕಟ್ಟುತ್ತಿದ್ದಾಗ ಅಂಚೆಯವನು ಲಕೋಟೆ ಕೈಗಿತ್ತು ಹೋದ. ಮೇಲೆ ಲೈಟ್‌ಹೌಸಿನ ಮೊಹರು. ದಪ್ಪ ಕಾಗದ, ಬೆಳಕಿಗೆ ಹಿಡಿದರೂ ಒಳಗಿನದು ಕಾಣುವುದಿಲ್ಲ ಎಂಬುದು ನನಗೆ ಹೇಗೆ ಗೊತ್ತೆಂದರೆ, ಹಿಡಿದು ನೋಡಿದ್ದೆ. ಓದಿದರೆ ಚುಕ್ಕೆಗಳು ತುಂಬುತ್ತವೆ, ಮೂರನೆಯ ದಿನವೂ ಮಡಚಿಕೊಳ್ಳುತ್ತದೆ. ಓದದಿದ್ದರೆ, ನಡೆಯಲಾಗದ ಚಿಕ್ಕಮ್ಮನನ್ನು ಉಬ್ಬರದ ಹೊತ್ತಿಗೆ ಗುಡ್ಡದ ಬುಡಕ್ಕೆ ನಾನೇ ಕರೆದುಕೊಂಡು ಹೋಗಿ ನಿಲ್ಲಿಸಬಹುದು.

ಪುರಂದರ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದರು. "ನಾನು ಓದ್ಲಾ? ನನ್ನ ಹೆಸರು ಈ ಪ್ರವಾಸದಲ್ಲಿಲ್ಲ. ಅಪಾಯ ಇದ್ರೆ ಮಾತ್ರ ಹೋಗ್ಬೇಡ ಅಂತೀನಿ."

ಕೊಡಲು ಕೈ ಚಾಚಿಯೂ ಇದ್ದೆ. "ಬೇಡ," ಎಂದೆ. "ನೀವು ಓದಿದ್ರೆ ನಾನು ನಿಮ್ಮ ಮುಖ ಓದ್ತೀನಿ."

"ಹಾಗಾದ್ರೆ ಒಲೆಗೆ ಹಾಕು."

ಅದಕ್ಕೂ ಧೈರ್ಯ ಬರಲಿಲ್ಲ. ಲಕೋಟೆಯನ್ನು ಹಾಗೇ ಹೆಗಲಚೀಲದ ಒಳಜೇಬಿಗೆ ಸೇರಿಸಿದೆ. ಪುರಂದರ ಹಾಳೆಗಳನ್ನು ನನ್ನ ಕೈಯಿಂದ ತೆಗೆದುಕೊಂಡು, "ಇವನ್ನ ನಾನಿಟ್ಕೊಂಡಿರ್ತೀನಿ" ಎಂದರು. ಹಾಳೆಯಿಲ್ಲದ ನನ್ನ ಕೈ ಎಷ್ಟು ಹಗುರವಾಗಿತ್ತೆಂದರೆ, ಎಲ್ಲಿಡಬೇಕೆಂದು ತಿಳಿಯದೆ ಎರಡನ್ನೂ ಮಡಿಲಲ್ಲಿಟ್ಟುಕೊಂಡು ಜೀಪಿನಲ್ಲಿ ಕೂತೆ.

ಗಡಿಯಾರದ ಕಂಬ ದಾಟಿದೆವು. ಹಿಟ್ಟಿನ ಗಿರಣಿ ದಾಟಿದೆವು. ಚಿಕ್ಕಮ್ಮ ಗೇರು ಬದಲಿಸಿದಳು, ರಸ್ತೆ ತಿರುಗಿತು, ಜೀಪು ಲೈಟ್‌ಹೌಸಿನ ನೆರಳಿನಲ್ಲಿ ನಿಂತಿತ್ತು. ಎಂಜಿನ್ನಿಗೆ ಬಿಸಿ ಕೂಡ ಏರಿರಲಿಲ್ಲ. ಗಾಳಿ ಜೋರಾಗಿತ್ತು. ಹತ್ತಿರದಲ್ಲೇ ಟೆಂಟು ಹೊಡೆದು ಕಿತ್ತ ಗೂಟದ ಗುರುತುಗಳಿದ್ದವು, ಮೂರು ಕಲ್ಲಿನ ಒಲೆಯಿತ್ತು, ಬೂದಿಯಿತ್ತು. ಬೂದಿಯ ಪಕ್ಕ ಕರಿಬೇವಿನ ಒಂದು ಎಸಳು. ನಮ್ಮದೇ. ಸ್ವಂತ ಮನೆಯ ಕಿಟಕಿಯಲ್ಲಿ ಹೊರಗಿನವಳಂತೆ ಇಣುಕಿ ನೋಡಿದ ಹಾಗಾಯಿತು. ಚಿಕ್ಕಮ್ಮ ಆ ಒಲೆಯನ್ನು ಊರುಗೋಲಿನಿಂದ ಒಮ್ಮೆ ಮುಟ್ಟಿ, "ಹೋಗ್ಲಿ ಬಿಡು" ಎಂದು ಬಂಡೆ ದಾರಿಯ ಕಡೆ ತಿರುಗಿದಳು.

ಅಷ್ಟರಲ್ಲಿ ಲೈಟ್‌ಹೌಸಿನ ಮೇಲಿನಿಂದ ಕಾವಲುಗಾರರು ನಮ್ಮನ್ನು ಕಂಡು ಕೈಬೀಸಿದರು. ಬಾಯಿಗೆ ಎರಡೂ ಕೈ ಹಿಡಿದು, "ನೀರು ಇಳಿಯೋದು..." ಎಂದು ಕೂಗಲು ಶುರುಮಾಡಿದರು. ಚಿಕ್ಕಮ್ಮ ಸೀಟಿ ಬಾಯಿಗಿಟ್ಟು ಊದಿದಳು. ಅವರು ನಿಲ್ಲಿಸಿ ಮತ್ತೆ ಕೂಗಿದರು. ಅವಳು ಮತ್ತೆ ಊದಿದಳು. ಹುಡುಗಿಯರ ಇಡೀ ಶಾಲೆಯನ್ನು ಸಾಲಿನಲ್ಲಿ ನಿಲ್ಲಿಸುತ್ತಿದ್ದ ಸೀಟಿ ಅದು. ಅವರು ಕೈಚೆಲ್ಲಿ ಒಳಗೆ ಹೋಗುವವರೆಗೆ ಬಿಡಲಿಲ್ಲ. "ಪಾಪ, ಒಳ್ಳೆ ಮನುಷ್ಯ," ಎಂದಳು, ಏದುಸಿರು ಬಿಡುತ್ತ. "ನಡಿ ಬೇಗ."

ಟೆಂಟಿನ ಕಟ್ಟನ್ನು ನಾನು ಬೆನ್ನಿಗೇರಿಸಿಕೊಂಡೆ. ಬಂಡೆ ದಾರಿ ಮೊದಲು ಹುಲ್ಲಿನಲ್ಲಿ ಏರಿ, ಆಮೇಲೆ ಕೆಂಪು ಕಲ್ಲಿನಲ್ಲಿ ಸಾಗುತ್ತದೆ. ಎಡಕ್ಕೆ ಸಮುದ್ರ, ಬಹಳ ಕೆಳಗೆ. ಅದು ಒಂದೇ ಬಣ್ಣದ್ದಲ್ಲ ಎಂದು ನನ್ನ ಹಾಳೆಯಲ್ಲಿ ಎಲ್ಲೂ ಇರಲಿಲ್ಲ. ದಡದ ಹತ್ತಿರ ಮಜ್ಜಿಗೆಯ ಬಿಳಿ, ಆಚೆ ಬಾಳೆಯ ಸುಳಿಯ ಹಸಿರು, ಅದರಾಚೆ ಹೆಸರಿಡಲಾಗದ್ದು. ಚಿಕ್ಕಮ್ಮ ಒಂದು ಹೆಜ್ಜೆ ಇಡುವಳು, ಊರುಗೋಲು ಊರುವಳು, ನಿಲ್ಲುವಳು. ಹತ್ತು ಹೆಜ್ಜೆಗೊಮ್ಮೆ ಮಂಡಿಗಳ ಜೊತೆ ಏನೋ ಮಾತಾಡುವಳು. ಗಾಳಿಗೆ ಹುಲ್ಲು ಒಂದೇ ಕಡೆ ಮಲಗಿ ಏಳುತ್ತಿತ್ತು. ಎಷ್ಟು ಹೊತ್ತು ನಡೆದೆವೋ ನಾನು ನೋಡಿಕೊಳ್ಳಲಿಲ್ಲ. ಗಡಿಯಾರವನ್ನು ಬೇಕೆಂದೇ ಮನೆಯಲ್ಲಿ ಬಿಟ್ಟು ಬಂದಿದ್ದೆ. ಪಕ್ಕದಲ್ಲಿದ್ದ ನೆರಳು ಮೆಲ್ಲಗೆ ಕಾಲಿನ ಕೆಳಗೆ ಬಂತು.

ದಾರಿ ಇಳಿದು ಗುಡ್ಡದ ಬುಡಕ್ಕೆ ಬಂದಾಗ ಅಲ್ಲಿ ದಾರಿ ಇರಲಿಲ್ಲ. ನೀರಿತ್ತು. ಅಲೆ ಬಂದು ಗುಡ್ಡದ ಗೋಡೆಗೆ ಬಡಿದು, ನಿಟ್ಟುಸಿರಿಟ್ಟ ಹಾಗೆ ಹಿಂದಕ್ಕೆ ಹೋಗುತ್ತಿತ್ತು. ಆಚೆ ಬದಿಯ ಬಂಡೆ ಕಾಣುತ್ತಿತ್ತು, ಒಂದು ಫರ್ಲಾಂಗು ದೂರದಲ್ಲಿ.

"ಇಳೀತಿದೆಯೋ ಏರ್ತಿದೆಯೋ?" ಎಂದಳು ಚಿಕ್ಕಮ್ಮ.

ನನ್ನ ಕೈ ಆಗಲೇ ಚೀಲದ ಒಳಜೇಬಿನಲ್ಲಿತ್ತು. ಲಕೋಟೆಯ ಅಂಟಿದ ಅಂಚು ಬೆರಳಿಗೆ ಸಿಕ್ಕಿತು. ಒಂದು ಉಗುರು ಸಾಕು. ಓದಿದರೆ ನಾವಿಬ್ಬರೂ ಕ್ಷೇಮವಾಗಿ ನಮ್ಮ ಜಗಲಿಯ ಮೆಟ್ಟಿಲ ಮೇಲಿರುತ್ತೇವೆ, ಒಣ ಮರಳು ಕೊಡವುತ್ತ. ಚಿಕ್ಕಮ್ಮ ನನ್ನ ಕೈಯನ್ನು ನೋಡಿದಳು. ಬೇಡ ಎನ್ನಲಿಲ್ಲ. ಒಂದು ಬಂಡೆಯ ಮೇಲೆ ಕೂತು ಮಂಡಿಗೆ ಎಣ್ಣೆ ಹಚ್ಚತೊಡಗಿದಳು.

"ಗೊತ್ತಿಲ್ಲ ಚಿಕ್ಕಮ್ಮ," ಎಂದೆ. ಕೈ ಖಾಲಿಯಾಗಿ ಹೊರಗೆ ಬಂತು.

ಆಮೇಲೆ ನನಗೆ ಬರುವ ಒಂದೇ ಕೆಲಸ ಮಾಡಿದೆ. ನೀರು ಬಂದು ಮುಟ್ಟುತ್ತಿದ್ದ ಅಂಚಿನಲ್ಲಿ ಒಂದು ಬಿಳಿ ಕಲ್ಲಿಟ್ಟು, ಅದರ ಮುಂದೆ ಕುಕ್ಕುರುಗಾಲಿನಲ್ಲಿ ಕೂತು ನೋಡಿದೆ. ಮೊದಲ ಹತ್ತು ಅಲೆಗಳಲ್ಲಿ ಎಂಟು ಕಲ್ಲನ್ನು ಮುಟ್ಟಿದವು. ಮುಂದಿನ ಹತ್ತರಲ್ಲಿ ಎಂಟು. ಅದರ ಮುಂದಿನ ಹತ್ತರಲ್ಲಿ ಒಂಬತ್ತು. ಎಣಿಸುತ್ತಲೇ ಇದ್ದೆ. ಏಳು. ಐದು. ಮತ್ತೆ ಆರು. ಮೂರು. ಚಿಕ್ಕಮ್ಮನಿಗೆ ಬಂಡೆಗೊರಗಿ ಜೊಂಪು ಹತ್ತಿತ್ತು. ನೋಡುತ್ತ ನೋಡುತ್ತ ಕಲ್ಲಿನ ಮೇಲ್ಭಾಗ ಒಣಗಿ ಬೆಳ್ಳಗಾಯಿತು. ಗೋಡೆಯ ಬುಡದಲ್ಲಿ ಕಪ್ಪು ಬಂಡೆಗಳ ನೆತ್ತಿ ಒಂದೊಂದಾಗಿ, ಎಮ್ಮೆಗಳು ಕೆರೆಯಿಂದ ಏಳುವ ಹಾಗೆ, ಮೇಲೆ ಬಂದವು.

"ಏಳು ಚಿಕ್ಕಮ್ಮ. ಇಳೀತಿದೆ."

"ಎಷ್ಟು ಹೊತ್ತು ಹೀಗಿರುತ್ತೆ?"

"ಅದು ಗೊತ್ತಿಲ್ಲ."

"ಆಚೆ ಟೆಂಟ್ ಹಾಕೋಕೆ ಜಾಗ ಇದೆಯಾ?"

"ಗೊತ್ತಿಲ್ಲ."

ಚಿಕ್ಕಮ್ಮ ನಕ್ಕಳು. "ಮೂರು ಸಲ ಗೊತ್ತಿಲ್ಲ ಅಂದೆ ನೋಡು," ಎಂದು ನನ್ನ ಹೆಗಲು ಹಿಡಿದು ಎದ್ದಳು.

ನೀರಿಗಿಳಿದೆವು. ತಣ್ಣಗೆ, ಮೊಣಕಾಲವರೆಗೆ. ನಾನು ಮುಂದೆ, ಒಂದು ಕೈ ಗೋಡೆಗೆ, ಇನ್ನೊಂದು ಕೈ ಹಿಂದಕ್ಕೆ ಅವಳಿಗೆ. ಕಾಲಿಗೆ ಸಿಕ್ಕ ಪ್ರತಿ ಕಲ್ಲನ್ನೂ "ಜಾರುತ್ತೆ", "ಇದು ಸರಿ", "ಇಲ್ಲಿ ಗುಂಡಿ" ಎಂದು ಹೇಳುತ್ತ ಹೋದೆ. ನಟ್ಟನಡುವೆ ಅವಳ ಕೈ ನನ್ನನ್ನು ಹಿಂದಕ್ಕೆ ಜಗ್ಗಿತು. ಬಿದ್ದಳೆಂದು ತಿರುಗಿದೆ. ಬಿದ್ದಿರಲಿಲ್ಲ. ಊರುಗೋಲುಗಳನ್ನು ಕಂಕುಳಲ್ಲಿ ಇರುಕಿಕೊಂಡು, ಸೀರೆ ಎತ್ತಿ ಹಿಡಿದು, ನೆಟ್ಟಗೆ ನಿಂತಿದ್ದಳು. ನೀರು ಮಂಡಿಗಳನ್ನು ಮುಳುಗಿಸಿ ಇಳಿಯುತ್ತಿತ್ತು.

"ಚಿಕ್ಕಮ್ಮ, ಇಲ್ಲಿ ನಿಲ್ಲೋದು ಬೇಡ."

"ಇರು," ಎಂದಳು, ನನ್ನ ಕಡೆ ನೋಡದೆ. "ಇವು ನೋಡ್ತಿವೆ."

ನಾನೂ ನಿಂತೆ. ಮುಂದಿನ ಅಲೆ ಎಷ್ಟು ದೊಡ್ಡದು ಎಂದು ತಿಳಿಯದೆ, ಅದು ಬರುವುದನ್ನು ನೋಡುತ್ತ. ಅದು ಬಂತು, ತೊಡೆಯವರೆಗೆ ಏರಿತು, ಹೆಗಲಚೀಲದ ತಳ ನೆನೆಯಿತು, ಹೋಯಿತು. ಇನ್ನೊಂದು ಬಂತು. ಚಿಕ್ಕಮ್ಮ ಸಾಕೆನ್ನುವವರೆಗೆ ನಿಂತಿದ್ದೆವು.

ಆಚೆ ಬದಿಯ ಕೊಲ್ಲಿಯಲ್ಲಿ ಟೆಂಟಿಗೆ ಜಾಗವಿತ್ತು. ಇಬ್ಬರು ಮಲಗುವಷ್ಟು, ಹೆಚ್ಚಿಲ್ಲ. ಚೀಲ ಬಿಚ್ಚಿದರೆ ಲಕೋಟೆಯೊಳಗಿನ ಕಾಗದದ ನೀಲಿ ಶಾಯಿ ಕರಗಿ ನನ್ನ ಒಣ ದುಪಟ್ಟಾಕ್ಕೆಲ್ಲ ಹರಡಿತ್ತು. ದುಪಟ್ಟಾವನ್ನು ಹಾಗೇ ಬಂಡೆಯ ಮೇಲೆ ಹರವಿದೆ. ಚಿಕ್ಕಮ್ಮ ಕಾಲು ಚಾಚಿ ಕೂತಿದ್ದಳು, ಮುಖದಲ್ಲಿ ನೋವೂ ಇತ್ತು, ಅದರ ಬಗ್ಗೆ ಅವಳಿಗೆ ದೂರೇನೂ ಇದ್ದಂತೆ ಕಾಣಲಿಲ್ಲ. ಅವಳ ಕಾಲಿನ ಪಟ್ಟಿ ಬಿಚ್ಚಿದೆ. ಹಿಮ್ಮಡಿಯಿಂದ ಮಂಡಿಯವರೆಗೆ ಒದ್ದೆ ಮರಳು ಮೆತ್ತಿಕೊಂಡಿತ್ತು, ದಪ್ಪವಾಗಿ, ಕಪ್ಪಾಗಿ. ಅಭ್ಯಾಸಬಲದಿಂದ ಕೈ ಬೀಸಿ ಕೊಡವಿದೆ. ದುಪಟ್ಟಾದ ತುದಿಯಿಂದ ಮತ್ತೆ ಕೊಡವಿದೆ. ಎಷ್ಟು ಕೊಡವಿದರೂ ಅದು ಉದುರಲಿಲ್ಲ.